ಲುತ್ಸಿಯಾನನ ಹೆಂಡತಿ ಕ್ರಾಕೋವ್ ನೋಡಿ ಬಂದದ್ದು

ಆಗುಸ್ತೋವ್ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಗೆನೊವೇಫಾ ಮದುವೆಯಾದ ವರ್ಷ ಆ ಮೆಟ್ಟಿಲು ಇಳಿದವಳು ಪಿಂಚಣಿ ಬಂದ ಮೇಲೆಯೇ ಹತ್ತಿ ಬಂದದ್ದು ಎಂದು ಜೊತೆಯವರು ಅನ್ನುತ್ತಿದ್ದರು. ಹಂಡೆಯಂಥ ಯಂತ್ರಗಳು ದಿನವಿಡೀ ಗಡಗಡ ಅನ್ನುತ್ತಿದ್ದವು. ಒಂದು ಮಾತು ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಅಷ್ಟು ಕಷ್ಟಪಟ್ಟು ಹೇಳುವಂಥ ಮಾತು ಯಾರ ಬಳಿಯೂ ಇರಲಿಲ್ಲ. ಹೆಂಗಸರು ಎದುರು ಬದುರು ನಿಂತು ಬಿಳಿ ಹಾಸುಬಟ್ಟೆಗಳ ತುದಿ ಹಿಡಿದು, ಎಳೆದು, ಮಡಚಿ, ಒಟ್ಟುತ್ತಿದ್ದರು. ಸಂಜೆ ಮನೆಗೆ ಬಂದರೆ ಅಲ್ಲಿ ಯಂತ್ರಗಳಿರಲಿಲ್ಲ, ಗಂಡ ಲುತ್ಸಿಯಾನ್ ಇದ್ದ. ಮಾತು ಅಲ್ಲೂ ಇರಲಿಲ್ಲ.

ಅವನು ಕೆಟ್ಟವನಲ್ಲ. ಇದನ್ನು ಊರಿನವರೂ ಹೇಳುತ್ತಿದ್ದರು, ಗೆನೊವೇಫಾಳೂ ಒಪ್ಪುತ್ತಿದ್ದಳು. ಕುಡಿದು ಬೀದಿಯಲ್ಲಿ ಬಿದ್ದವನಲ್ಲ, ಕೈ ಎತ್ತಿದವನಲ್ಲ, ಸಂಬಳ ಬಚ್ಚಿಟ್ಟವನಲ್ಲ. ಪ್ರವಾಸದ ಬಸ್ಸು ಓಡಿಸುತ್ತಿದ್ದ. ಶಾಲೆಯ ಮಕ್ಕಳು, ಪಿಂಚಣಿಯ ಮುದುಕರು, ಚರ್ಚಿನ ಭಕ್ತರು, ಯಾರಿಗೆ ಕ್ರಾಕೋವ್ ನೋಡುವ ಆಸೆಯಾದರೂ ಅವರನ್ನು ಕೂರಿಸಿಕೊಂಡು ದೇಶದ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದ. ಹಿಮ ಕರಗಿದ ಮೇಲೆ ಶುರುವಾದರೆ ಮತ್ತೆ ಹಿಮ ಬೀಳುವ ತನಕ ತಿಂಗಳಲ್ಲಿ ಅರ್ಧ ದಿನ ಅವನು ಮನೆಯಲ್ಲಿರುತ್ತಿರಲಿಲ್ಲ. ಬಂದಾಗ ಬೂಟು ಬಿಚ್ಚುವನು, ಕೈ ತೊಳೆಯುವನು, ಸೂಪಿನ ತಟ್ಟೆಯ ಮುಂದೆ ಕೂರುವನು.

"ಹೇಗಿತ್ತು?" ಎಂದು ಅವಳು ಕೇಳುತ್ತಿದ್ದಳು.

"ಇತ್ತು."

"ಮಳೆ ಏನಾದ್ರೂ?"

"ಒಂಚೂರು."

ಆಮೇಲೆ ಎದ್ದು ಗರಾಜಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಏನು ಮಾಡುತ್ತಿದ್ದನೋ, ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಬಿಚ್ಚುವುದು, ಜೋಡಿಸುವುದು. ಮನೆಯಲ್ಲಿ ಅವಳ ಹೆಸರು ಹಿಡಿದು ಅವನು ಕರೆದದ್ದು ಅವಳಿಗೆ ನೆನಪಿಲ್ಲ. "ಕೇಳಿಲ್ಲಿ" ಅನ್ನುವನು, ಇಲ್ಲವೇ ಬಾಗಿಲಲ್ಲಿ ನಿಂತು ಕೆಮ್ಮುವನು. ಮಗಳು ಅಲ್ದೋನಾ ಚಿಕ್ಕವಳಿದ್ದಾಗ ಅಪ್ಪನ ಮೌನ ನೋಡಿ, "ಅಮ್ಮ, ಅಪ್ಪ ನಾಲಿಗೇನ ಬಸ್ಸಲ್ಲೇ ಬಿಟ್ಟು ಬರ್ತಾರಾ?" ಎಂದು ಕೇಳಿದ್ದಳು. ಇಬ್ಬರೂ ನಕ್ಕಿರಲಿಲ್ಲ.

ಪ್ರತಿ ವರ್ಷದ ಕೊನೆಯಲ್ಲಿ ಅವನು ಕ್ರಾಕೋವಿನಿಂದ ಒಂದು ಕ್ಯಾಲೆಂಡರ್ ತರುತ್ತಿದ್ದ. ಅವನು ತಂಗುತ್ತಿದ್ದ ವಸತಿಮನೆಯವರು ಕೊಡುತ್ತಿದ್ದದ್ದು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಅದು ತೂಗಾಡುತ್ತಿತ್ತು. ಒಂದೊಂದು ತಿಂಗಳಿಗೆ ಒಂದೊಂದು ಚಿತ್ರ: ಕೋಟೆ, ಚೌಕ, ಚರ್ಚಿನ ಎರಡು ಗೋಪುರ, ಸೇತುವೆ. ಆಲೂಗಡ್ಡೆ ಸುಲಿಯುತ್ತ ಗೆನೊವೇಫಾ ಆ ಚಿತ್ರಗಳನ್ನು ನೋಡುತ್ತಿದ್ದಳು. ಒಮ್ಮೆ ತಾನೂ ಬರುತ್ತೇನೆ ಎಂದದ್ದುಂಟು. "ನಿಂಗೆ ಬಸ್ಸು ಆಗಿ ಬರಲ್ಲ, ವಾಂತಿ ಮಾಡ್ಕೋತೀಯ" ಅಂದ. ಅದು ನಿಜವೇ. ಅವಳು ಮತ್ತೆ ಕೇಳಲಿಲ್ಲ.

ಒಂದು ಫೆಬ್ರವರಿಯಲ್ಲಿ ಲುತ್ಸಿಯಾನ್ ಗರಾಜಿನಲ್ಲೇ ಕುಸಿದು ತೀರಿಕೊಂಡ. ವರ್ಷದ ಪೂಜೆ ಮುಗಿದ ಮೇಲೆ, ಬಿಯಾವಿಸ್ತೋಕಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಿದ್ದ ಅಲ್ದೋನಾ ತಾಯಿಗೆ ಹೇಳಿದಳು: "ಎಲ್ಲಾದ್ರೂ ಹೋಗಿ ಬಾಮ್ಮ. ಸಮುದ್ರಕ್ಕೆ ಹೋಗು. ರೈಲಲ್ಲಿ ಹೋದ್ರೆ ಹೊಟ್ಟೆ ತೊಳಸಲ್ಲ."

"ಸಮುದ್ರ ಯಾಕೆ? ಕ್ರಾಕೋವ್‌ಗೆ ಹೋಗ್ತೀನಿ" ಎಂದಳು ಗೆನೊವೇಫಾ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೆ. ಗಂಡ ಅಷ್ಟು ವರ್ಷ ಏನು ನೋಡಿದನೋ ಅದನ್ನು ತಾನೂ ಒಮ್ಮೆ ನೋಡಬೇಕು. ಅವನು ಹೇಳದೆ ಇಟ್ಟುಕೊಂಡದ್ದು ಆ ಊರಿನ ಕಲ್ಲುಗಳಲ್ಲಿ ಎಲ್ಲಾದರೂ ಸಿಕ್ಕೀತು ಎಂಬ ಒಂದು ಹುಚ್ಚು ಆಸೆ. ಮಗಳ ಮುಂದೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಕ್ಯಾಲೆಂಡರಿನ ಕೆಳಗಿದ್ದ ನಂಬರಿಗೆ ಫೋನು ಮಾಡಿ, ತಾನು ಯಾರೆಂದು ಹೇಳದೆ, ಮೇ ತಿಂಗಳಲ್ಲಿ ನಾಲ್ಕು ದಿನಕ್ಕೆ ಒಬ್ಬಳಿಗೆ ಒಂದು ಕೋಣೆ ಬೇಕು ಎಂದಳು.

ವಸತಿಮನೆ ಕ್ಲೆಪಾಜ್ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿತ್ತು. ಬಾಗಿಲು ತೆರೆದವಳು ಲೆಯೊಕಾದಿಯಾ, ಮನೆಯ ಒಡತಿ. ಅರವತ್ತು ದಾಟಿದ ದಪ್ಪ ಹೆಂಗಸು, ಕೂದಲಿಗೆ ಕೆಂಪು ಬಣ್ಣ, ಮೊಣಕೈ ತನಕ ಹಿಟ್ಟು.

"ಯಾವೂರಿಂದ?" ಎಂದು ಕೇಳಿದಳು.

"ಆಗುಸ್ತೋವ್. ನಮ್ಮ ಯಜಮಾನ್ರು ಇಲ್ಲೇ ಇಳ್ಕೋತಿದ್ರು. ಬಸ್ಸು ಓಡಿಸ್ತಿದ್ರು. ಲುತ್ಸಿಯಾನ್ ಅಂತ."

ಲೆಯೊಕಾದಿಯಾ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ತುಂಬಿ ಬಂತು. "ಗೇನ್ಯಾ? ನಮ್ಮ ಗೇನ್ಯಾನೇನೇ ನೀನು?" ಎಂದವಳೇ ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡಳು.

ಗೇನ್ಯಾ ಎಂದು ಅವಳನ್ನು ಕರೆಯುತ್ತಿದ್ದದ್ದು ಅವಳ ತಾಯಿ ಮಾತ್ರ. ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಆ ಹೆಸರು ಈ ಕಾಣದ ಊರಿನ ಹೊಸ್ತಿಲ ಮೇಲೆ, ಅಪರಿಚಿತಳೊಬ್ಬಳ ಬಾಯಲ್ಲಿ ಕೇಳಿ ಗೆನೊವೇಫಾ ಹಿಟ್ಟು ಮೆತ್ತಿದ ಕೋಟಿನಲ್ಲಿ ಹಾಗೇ ನಿಂತಳು.

"ಅಯ್ಯೋ ದೇವ್ರೇ, ಒಳಗೆ ಬಾ, ಕೂತ್ಕೋ. ಅವನು ಹೋದ ಸುದ್ದಿ ಬಸ್ಸಿನವರು ಹೇಳಿದ್ರು. ಒಂದು ವಾರ ಈ ಮನೇಲಿ ಯಾರಿಗೂ ಊಟ ಸೇರ್ಲಿಲ್ಲ. ಎಂಥಾ ಮನುಷ್ಯ. ಅವನು ಬಂದಾನೆ ಅಂದ್ರೆ ಅಕ್ಕಪಕ್ಕದವರೂ ಬಂದು ಇಲ್ಲಿ ಕೂರೋರು, ಅವನ ಮಾತು ಕೇಳೋಕೆ. ನಕ್ಕೂ ನಕ್ಕೂ ನನ್ನ ಪಕ್ಕೆ ನೋಯೋದು."

"ಲುತ್ಸಿಯಾನ್?" ಎಂದಳು ಗೆನೊವೇಫಾ.

"ಇನ್ಯಾರು? ಮತ್ತೆ ಎಲ್ಲಾ ನಿಂದೇ ಕಥೆ. ಪಾದ್ರಿನ ಕರೆಂಟಿನವನು ಅಂದ್ಕೊಂಡು ಬೈದಿದ್ದು ಇದೆಯಲ್ಲ, ಅದನ್ನ ನಾನು ನಮ್ಮ ಪಾದ್ರಿಗೇ ಹೇಳಿದೀನಿ."

ಗೆನೊವೇಫಾ ಕೋಟು ಬಿಚ್ಚುವುದನ್ನು ಮರೆತು ಕೂತಿದ್ದಳು. ಲೆಯೊಕಾದಿಯಾ ಚಹಾ ಬಸಿಯುತ್ತ ಆ ಕಥೆಯನ್ನು ಹೇಳಿಯೇಬಿಟ್ಟಳು. ಜನವರಿಯಲ್ಲಿ ಮನೆ ಮನೆಗೆ ಆಶೀರ್ವಾದ ಮಾಡಲು ಹೊಸ ಪಾದ್ರಿ ಬಂದನಂತೆ. ಮೇಲೆ ದಪ್ಪ ಕೋಟು ಹಾಕಿದ್ದರಿಂದ ಗೇನ್ಯಾಗೆ ಗುರುತು ಸಿಗಲಿಲ್ಲವಂತೆ. ಹೋದ ತಿಂಗಳು ಕತ್ತಲಲ್ಲಿ ಕೂರಿಸಿದ್ದಕ್ಕೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳಂತೆ. ಪಾದ್ರಿ ತಲೆತಗ್ಗಿಸಿ ಎಲ್ಲ ಕೇಳಿ, ಕೊನೆಗೆ "ಅಮ್ಮಾ, ನಾನು ಬೇರೆ ಬೆಳಕಿನ ಇಲಾಖೆಯವನು" ಅಂದನಂತೆ.

"ನಮ್ಮನೇಲಿ ಹಾಗೆ ನಡೆದೇ ಇಲ್ಲ. ಬೇರೆ ಯಾರ ಹೆಂಡ್ತಿನೋ ಇರ್ಬೇಕು" ಎಂದಳು ಗೆನೊವೇಫಾ.

ಲೆಯೊಕಾದಿಯಾ ತೊಡೆ ತಟ್ಟಿಕೊಂಡು ನಕ್ಕಳು. "ಹೀಗೇ ಅಂತೀಯ ಅಂತಾನೂ ಹೇಳಿದ್ದ. ಕೇಳಿದ್ರೆ ಒಪ್ಪಲ್ಲ, ಮುಖ ಕಲ್ಲು ಮಾಡ್ಕೊಂಡು ಕೂರ್ತಾಳೆ ಅಂತ."

ಆ ರಾತ್ರಿ ಗೆನೊವೇಫಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಈ ಹೆಂಗಸಿಗೆ ಎಷ್ಟೋ ಡ್ರೈವರುಗಳು ಬಂದು ಹೋಗುತ್ತಾರೆ, ಯಾರದೋ ಕಥೆಗೆ ಯಾರದೋ ಹೆಸರು ಅಂಟಿಕೊಂಡಿದೆ. ಅಷ್ಟೆ ಇರಬೇಕು.

ಮರುದಿನ ಅವಳು ಊರು ನೋಡಲು ಹೊರಟಳು. ಕಾಲಿಗೆ ಮೆತ್ತನೆಯ ಬೂಟು, ಕೈಚೀಲದಲ್ಲಿ ಬೇಯಿಸಿದ ಮೊಟ್ಟೆ. ಹಳೆಯ ಊರನ್ನು ಸುತ್ತುವರಿದ ಮರಗಳ ಸಾಲಿನ ಕೆಳಗೆ ನಡೆದು ಚೌಕಕ್ಕೆ ಬಂದಾಗ, ಅಡುಗೆಮನೆಯ ಗೋಡೆಯ ಮೇಲಿದ್ದ ಏಪ್ರಿಲ್ ತಿಂಗಳು ಇದ್ದಕ್ಕಿದ್ದಂತೆ ಎದುರಿಗೆ ನಿಂತಿತ್ತು. ಅದು ಇಷ್ಟು ವಿಶಾಲವಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಗೋಪುರದ ಮೇಲಿನ ಕಿಟಕಿಯಿಂದ ಕಹಳೆಯವನು ಊದಿದ, ಆ ಊರಿನ ಹಳೆಯ ಪದ್ಧತಿಯಂತೆ ನಡುವೆಯೇ ನಿಲ್ಲಿಸಿದ. ಕೆಳಗಿದ್ದವರೆಲ್ಲ ಕತ್ತೆತ್ತಿ ಕೈಬೀಸಿದರು. ಅವಳೂ ಬೀಸಿದಳು. ಚರ್ಚಿನೊಳಗೆ ಸನ್ಯಾಸಿನಿಯೊಬ್ಬಳು ಕೋಲು ಹಿಡಿದು ಬಂದು ಪೂಜಾಪೀಠದ ಮರದ ದೊಡ್ಡ ಬಾಗಿಲುಗಳನ್ನು ಒಂದೊಂದಾಗಿ ದೂಡಿದಾಗ, ಒಳಗಿನ ಬಂಗಾರ ಬಣ್ಣದ ಮೂರ್ತಿಗಳೆಲ್ಲ ಒಮ್ಮೆಲೇ ಎದ್ದು ನಿಂತಂತಾಯಿತು. ಅವಳ ಕಣ್ಣು ಹೋದದ್ದು ನಿದ್ದೆಗೆ ಜಾರುತ್ತಿರುವ ಮಾತೆ ಮೇರಿಯ ಕೈಗಳ ಕಡೆಗೆ. ದುಡಿದ ಕೈಗಳು, ನರ ಉಬ್ಬಿದ ಕೈಗಳು. ಮರದಲ್ಲಿ ಕೆತ್ತಿದವನು ಯಾರೋ ಒಗೆಯುವವಳ ಕೈ ನೋಡಿಯೇ ಕೆತ್ತಿದ್ದಾನೆ ಎಂದುಕೊಂಡಳು. ಆ ಬೆಳಿಗ್ಗೆ ಅವಳು ಸುಖವಾಗಿದ್ದಳು. ಹೊರಗೆ ಬಂದು ಉಂಗುರದಂಥ ಬ್ರೆಡ್ಡು ಕೊಂಡು ಅರ್ಧ ತಾನು ತಿಂದು ಅರ್ಧ ಪಾರಿವಾಳಗಳಿಗೆ ಹಾಕಿದಳು. ಒಬ್ಬಳೇ ಇರುವುದು ಇಷ್ಟು ಹಗುರ ಎಂದು ಗೊತ್ತಿದ್ದರೆ ಮೊದಲೇ ಬರುತ್ತಿದ್ದೆ ಅನ್ನಿಸಿತು.

ಮಧ್ಯಾಹ್ನ ಕೋಟೆ ನೋಡಿ ನದಿಯ ಕಡೆ ಇಳಿದಳು. ಅಲ್ಲಿ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳು ಒಂದು ಬಸ್ಸಿನ ನೆರಳಲ್ಲಿ ಕೂತು ಬ್ರೆಡ್ಡು ತಿನ್ನುತ್ತ ಹರಟುತ್ತಿದ್ದರು. ಅವರಲ್ಲೊಬ್ಬ, ಬೋಳುತಲೆಯವನು, ಏನೋ ಅಭಿನಯಿಸಿ ತೋರಿಸುತ್ತಿದ್ದ, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವನ ಫೋನು ಸದ್ದು ಮಾಡಿತು. ತೆಗೆದು ಕಿವಿಗಿಟ್ಟ.

"ಹೂಂ. ಬಂದ್ವಿ. ಹೂಂ. ತಿಂದೆ. ಇಲ್ಲ. ಸರಿ."

ಫೋನು ಜೇಬಿಗೆ ಹಾಕಿ, ನಿಲ್ಲಿಸಿದ ಕಡೆಯಿಂದಲೇ ಮತ್ತೆ ಕಥೆ ಎತ್ತಿಕೊಂಡ. ಬಾಯಿ, ಕಣ್ಣು, ಕೈ ಎಲ್ಲಕ್ಕೂ ಜೀವ ಬಂತು. ಗೆನೊವೇಫಾ ನದಿಯ ಕಟ್ಟೆಯ ಮೇಲೆ ಕೂತು ಅವನನ್ನು ಬಹಳ ಹೊತ್ತು ನೋಡಿದಳು. ಬೆಳಗಿನ ಹಗುರ ಅಲ್ಲಿಗೆ ಮುಗಿಯಿತು.

ಸಂಜೆ ಲೆಯೊಕಾದಿಯಾಳ ಅಡುಗೆಮನೆಯಲ್ಲಿ ಜನ ಸೇರಿದ್ದರು. ಲುತ್ಸಿಯಾನನ ಗುಂಪುಗಳಿಗೆ ಊರು ತೋರಿಸುತ್ತಿದ್ದ ಗೈಡ್ ಕಯೇತಾನ್ ಬಂದಿದ್ದ, ಸಣಕಲು ಮನುಷ್ಯ, ಮೀಸೆಗೆ ಎಣ್ಣೆ. ಪಕ್ಕದ ಮನೆಯ ದಂಪತಿಗಳೂ ಬಂದಿದ್ದರು. ಮೇಜಿನ ಮೇಲೆ ಗಸಗಸೆಯ ಕೇಕು, ಚೆರ್ರಿ ಹಣ್ಣಿನ ಮದ್ಯ. ಕಯೇತಾನ್ ಎದ್ದು ಅವಳ ಕೈಗೆ ಮುತ್ತಿಟ್ಟ.

"ಗೇನ್ಯಾ ಅವರೇ, ನಿಮ್ಮನ್ನ ನೋಡ್ದೇನೇ ಸಾಯ್ತೀನಿ ಅಂದ್ಕೊಂಡಿದ್ದೆ. ಇವತ್ತು ಒಂದು ಉಪಕಾರ ಆಗ್ಬೇಕು. ಆ ಮೀನಿನ ಕಥೆ, ನಿಮ್ಮ ಬಾಯಿಂದಲೇ ಒಂದು ಸಲ."

"ಯಾವ ಮೀನು?"

"ನೋಡಿದ್ರಾ, ಶುರು ಮಾಡಿದ್ರು" ಎಂದ ಕಯೇತಾನ್. ಎಲ್ಲರೂ ನಕ್ಕರು.

ಅವಳು ಹೇಳದಿದ್ದುದರಿಂದ ಅವನೇ ಹೇಳಿದ. ಕ್ರಿಸ್‌ಮಸ್ಸಿಗೆ ತಂದ ಕಾರ್ಪ್ ಮೀನು ಸ್ನಾನದ ತೊಟ್ಟಿಯಲ್ಲಿತ್ತು. ಗೇನ್ಯಾ ಅದಕ್ಕೆ ಅಲೋಯ್ಸಿ ಎಂದು ಹೆಸರಿಟ್ಟು, ದಿನಾ ಅದರ ಪಕ್ಕ ಕೂತು ಹಾಡಿ, ಕೊನೆಗೆ ಹಬ್ಬದ ದಿನ ಕೊಲ್ಲಲಾರದೆ ಬಕೆಟ್ಟಿಗೆ ಹಾಕಿಕೊಂಡು ಊರಿನ ಬಸ್ಸು ಹತ್ತಿದಳು, ಕೆರೆಗೆ ಬಿಡೋಣವೆಂದು. ಟಿಕೆಟ್ ನೋಡುವವನು ಬಂದು ಮೀನಿಗೂ ಟಿಕೆಟ್ ಕೇಳಿದ. "ಇವನು ಸೀಟಲ್ಲಿ ಕೂತಿಲ್ಲ, ನಿಂತೂ ಇಲ್ಲ, ಈಜ್ತಾ ಇದ್ದಾನೆ. ಈಜೋರಿಗೆ ಟಿಕೆಟ್ ಅಂತ ಎಲ್ಲಿ ಬರೆದಿದೆ ತೋರ್ಸಪ್ಪ" ಅಂದಳು ಗೇನ್ಯಾ. ಇಡೀ ಬಸ್ಸು ಅವಳ ಕಡೆಗಾಯಿತು. ಚಾಲಕ ದಾರಿ ಬಿಟ್ಟು ನೇರ ಕೆರೆಯ ದಡಕ್ಕೇ ಬಸ್ಸು ತಂದು ನಿಲ್ಲಿಸಿದ.

ಕಥೆ ಚೆನ್ನಾಗಿತ್ತು. ಗೆನೊವೇಫಾಗೂ ಅದು ತಿಳಿಯಿತು. ಆ ಬಸ್ಸಿನಲ್ಲಿ ಬಕೆಟ್ಟು ಹಿಡಿದು ನಿಂತ ಹೆಂಗಸನ್ನು ಅವಳು ಕಣ್ಣಾರೆ ಕಂಡಳು. ಹೊಳೆಯುವ ಕಣ್ಣು, ಜಾರಿದ ಶಾಲು, ಸೊಂಟದ ಮೇಲೆ ಕೈ. ಅವಳ ಮೇಲೆ ಯಾರಿಗಾದರೂ ಪ್ರೀತಿ ಬರಬೇಕು.

"ಮೀನನ್ನ ನಾನೇ ಕೊಲ್ತಿದ್ದೆ" ಎಂದಳು. ದನಿ ಏರಿಸಲಿಲ್ಲ. "ಪ್ರತಿ ವರ್ಷ. ಮರದ ಸುತ್ತಿಗೇಲಿ, ತಲೆ ಮೇಲೆ, ಎರಡೇಟು. ಅವನಿಗೆ ನೋಡೋಕಾಗ್ತಿರ್ಲಿಲ್ಲ, ಗರಾಜಿಗೆ ಹೋಗ್ಬಿಡ್ತಿದ್ದ. ಆಮೇಲೆ ಬಂದು ತಿಂತಿದ್ದ."

ಮೇಜಿನ ಸುತ್ತ ನಗು ಸಿಡಿಯಿತು. ಪಕ್ಕದ ಮನೆಯವನು ಕೆಮ್ಮುವಷ್ಟು ನಕ್ಕ. ಲೆಯೊಕಾದಿಯಾ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಆಮೇಲೆ ಬಂದು ತಿಂತಿದ್ದ" ಎಂದು ಕಯೇತಾನ್ ಮತ್ತೆ ಅಂದ. "ನೋಡಿ, ನಗೋದೇ ಇಲ್ಲ. ಅವನು ಹೇಳಿದ್ದು ಅಕ್ಷರ ಅಕ್ಷರ ನಿಜ."

"ನಾನು ತಮಾಷೆ ಮಾಡ್ತಿಲ್ಲ" ಎಂದಳು ಗೆನೊವೇಫಾ. "ನಮ್ಮನೇಲಿ ಅವನು ಮಾತೇ ಆಡ್ತಿರ್ಲಿಲ್ಲ."

"ಹೇಗೆ ಆಡ್ತಾನೆ ಪಾಪ, ನೀನು ಸಂದಿ ಕೊಟ್ರೆ ತಾನೆ?" ಎಂದಳು ಪಕ್ಕದ ಮನೆಯವಳು. ಮತ್ತೆ ನಗು.

ಗೆನೊವೇಫಾ ಏನು ಹೇಳಿದರೂ ಅದು ಆ ಇನ್ನೊಬ್ಬಳ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಗಸಗಸೆಯ ಕೇಕು ಬಾಯಲ್ಲಿ ಮರಳಿನಂತಾಯಿತು.

ಆಗ ಲೆಯೊಕಾದಿಯಾ, "ನಂಗೆ ಇಷ್ಟವಾದ್ದು ಅದಲ್ಲ, ಹಿಮಗಡ್ಡೆಯ ಕಥೆ" ಎಂದು ಮೆಲ್ಲಗೆ ಶುರುಮಾಡಿದಳು. ಮದುವೆಗೂ ಮುಂಚಿನ ಮಾತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಹುಡುಗ ಹುಡುಗಿಯರೆಲ್ಲ ಜಾರುತ್ತಿದ್ದಾಗ ಹತ್ತೊಂಬತ್ತರ ಗೇನ್ಯಾಳ ಕಾಲ ಕೆಳಗೆ ಮಂಜುಗಡ್ಡೆ ಬಿರಿದು, ಒಂದು ಕಾಲು ಮೊಣಕಾಲ ತನಕ ನೀರಿಗೆ ಹೋಯಿತು. ಸುತ್ತಲಿದ್ದವರು ಹೌಹಾರಿದರು. ಅವಳು ಒಂದು ಕಾಲು ನೀರಲ್ಲಿ, ಒಂದು ಕಾಲು ಮೇಲೆ ಇಟ್ಟುಕೊಂಡು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಲುತ್ಸಿಯಾನ್ ಓಡಿಬಂದು ಕೈ ಕೊಟ್ಟರೆ, "ಇರು, ಇನ್ನೊಂದು ಕಾಲೂ ತೊಳ್ಕೊಂಡು ಬರ್ತೀನಿ" ಅಂದಳು.

ಇದು ಮಾತ್ರ ನಡೆದದ್ದು. ಅವಳು ಮರೆತೇ ಬಿಟ್ಟಿದ್ದಳು. ಆ ಬೂಟು ಒಣಗಲು ಮೂರು ದಿನ ಹಿಡಿದದ್ದು, ಅಮ್ಮ ಬೈದದ್ದು, ಅವನು ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಕೊಟ್ಟದ್ದು ಒಂದೊಂದಾಗಿ ಬಂದವು. ಗೆನೊವೇಫಾ ತಲೆನೋವೆಂದು ಹೇಳಿ ಎದ್ದು ಕೋಣೆಗೆ ಹೋದಳು.

ಮಂಚದ ಅಂಚಿನಲ್ಲಿ ಕೂತು ಅವಳು ಯೋಚಿಸಿದಳು. ಅವನು ಆ ಹುಡುಗಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ತಂದಿದ್ದ. ಇಲ್ಲಿ ಅವಳಿಗೆ ಉಣ್ಣಿಸಿ, ನಗಿಸಿ, ಬೆಳೆಸಿದ್ದ. ಅವಳಿಗೆ ವಯಸ್ಸಾಗಿತ್ತು, ಆದರೆ ಬೆನ್ನು ಬಾಗಿರಲಿಲ್ಲ, ಕೈ ಸೋಪಿನಲ್ಲಿ ಸುಟ್ಟಿರಲಿಲ್ಲ. ಉಳಿದವಳನ್ನು ಅವನು ಆಗುಸ್ತೋವಿನಲ್ಲಿ ಬಿಟ್ಟಿದ್ದ, ಸೂಪು ಮಾಡಿಡಲು.

ಮದುವೆಯ ಮೊದಲ ವರ್ಷಗಳ ಒಂದು ಸಂಜೆ ನೆನಪಾಯಿತು. ಅವನು ಬಾಗಿಲಿಂದಲೇ ಏನೋ ಹೇಳುತ್ತ ಬಂದಿದ್ದ, ದಾರಿಯಲ್ಲಿ ಕಂಡ ಒಬ್ಬ ಮುದುಕನ ಸುದ್ದಿ. ಮಗು ಅಳುತ್ತಿತ್ತು. "ಬೆಳಿಗ್ಗೆಯಿಂದ ನಿಂತಿದೀನಿ, ಚುಟುಕಾಗಿ ಹೇಳು" ಅಂದಿದ್ದಳು ಅವಳು. ಅವನು ಚುಟುಕಾಗಿ ಹೇಳಿದ. ಅಂದಿನಿಂದ ಎಲ್ಲವನ್ನೂ ಚುಟುಕಾಗಿಯೇ ಹೇಳಿದ. ಅದೇ ಕಾರಣವೇ? ಯಾವ ಹೆಂಗಸು ಯಾವ ದಿನ ಗಂಡನಿಗೆ ಅಷ್ಟು ಹೇಳಿಲ್ಲ? ಅಷ್ಟಕ್ಕೆ ಒಬ್ಬ ಮನುಷ್ಯ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಬೇರೆ ಊರಲ್ಲಿ ಇಡುತ್ತಾನೆಯೇ? ಆ ತಪ್ಪನ್ನು ಹೊರಲು ಅವಳು ತಯಾರಿರಲಿಲ್ಲ. ಬೇಕಿದ್ದರೆ ಅವನು ಇನ್ನೊಂದು ಸಲ ಬಂದು ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಭಾನುವಾರ ಹೇಳಬಹುದಿತ್ತು.

ಮೂರನೆಯ ದಿನ ಬೆಳಿಗ್ಗೆ, ನೋಡದೆ ಉಳಿದದ್ದನ್ನು ನೋಡಿಬಿಡೋಣವೆಂದು ಮತ್ತೆ ಚೌಕಕ್ಕೆ ಹೋದಳು. ಪುರಾತನ ಬಟ್ಟೆಪೇಟೆಯ ಕಮಾನಿನ ಕೆಳಗೆ ಪಿಂಚಣಿದಾರರ ಗುಂಪೊಂದು ನಿಂತು ನಗುತ್ತಿತ್ತು. ನಡುವೆ ಕಯೇತಾನ್, ಕೈಯಲ್ಲಿ ಮಡಚಿದ ಕೊಡೆ.

"...ಈಜೋರಿಗೆ ಟಿಕೆಟ್ ಅಂತ ಎಲ್ಲಿ ಬರೆದಿದೆ ತೋರ್ಸಪ್ಪ ಅಂದ್ಲು ನಮ್ಮ ಗೇನ್ಯಾ."

ಗೆನೊವೇಫಾ ಹಿಂದಕ್ಕೆ ಸರಿಯುವ ಮೊದಲೇ ಅವನ ಕಣ್ಣಿಗೆ ಬಿದ್ದಳು. ಅವನ ಮುಖ ಅರಳಿತು. "ಬನ್ನಿ, ಬನ್ನಿ, ನಿಮ್ಮ ಪುಣ್ಯ ದೊಡ್ಡದು" ಎಂದ ಗುಂಪಿಗೆ. "ಈ ಊರಲ್ಲಿ ರಾಜರ ಸಮಾಧಿ ಯಾರು ಬೇಕಾದ್ರೂ ನೋಡ್ಬಹುದು. ಇವರನ್ನ ನೋಡಿದೋರು ಯಾರೂ ಇಲ್ಲ. ಇವರೇ ಆ ಗೇನ್ಯಾ."

ಗುಂಪು ಅವಳನ್ನು ಸುತ್ತುಗಟ್ಟಿತು. ಒಬ್ಬಳು ಕೈ ಕುಲುಕಿದಳು. ಒಬ್ಬ ಮುದುಕ, "ನಮ್ಮನೆಯವಳೂ ನಿಮ್ಮ ಥರ ಇದ್ದಿದ್ರೆ" ಎಂದು ತನ್ನ ಹೆಂಡತಿಯ ಎದುರಿಗೇ ಅಂದ, ಆ ಹೆಂಡತಿ ನಗುವಂತೆ ತುಟಿ ಎಳೆದಳು. ಗೆನೊವೇಫಾಳ ಭುಜ ಹಿಡಿದು ನಿಲ್ಲಿಸಿ ಫೋಟೋ ತೆಗೆದರು. ಒಬ್ಬರಾದ ಮೇಲೆ ಒಬ್ಬರು ಪಕ್ಕದಲ್ಲಿ ಬಂದು ನಿಂತರು. ಗೆನೊವೇಫಾ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಊರು ನೋಡಲು ಬಂದ ತಾನು ನೋಡುವ ವಸ್ತುವಾಗಿ, ಎಲ್ಲರ ಜೊತೆಗೂ ನಿಂತಳು. ಮುದುಕನ ಹೆಂಡತಿ ಮಾತ್ರ ಫೋಟೋಕ್ಕೆ ಬರಲಿಲ್ಲ. ದೂರ ನಿಂತು ಅವಳನ್ನು ನೋಡುತ್ತಿದ್ದಳು. ಆ ನೋಟದಲ್ಲಿ ದ್ವೇಷವಿತ್ತು. ಅದು ಗೆನೊವೇಫಾಗೆ ಚೆನ್ನಾಗಿ ಅರ್ಥವಾಯಿತು. ತನಗೂ ಆ ಗೇನ್ಯಾಳ ಮೇಲೆ ಅದೇ ಇತ್ತು.

ವಸತಿಮನೆಗೆ ಬಂದವಳು ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಲೆಯೊಕಾದಿಯಾ ಬಾಗಿಲಿಗೆ ಬಂದಳು.

"ನಾಳೆ ತನಕ ಕೋಣೆ ನಿಂದೇ ಅಲ್ವೇನೇ?"

"ಇವತ್ತಿನ ರೈಲಿಗೆ ಹೋಗ್ತೀನಿ."

"ಯಾಕೆ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

ಗೆನೊವೇಫಾ ಮಡಚುತ್ತಿದ್ದ ಸ್ವೆಟರನ್ನು ಕೆಳಗಿಟ್ಟಳು. "ಕೂತ್ಕೊಳ್ಳಿ. ನಗ್ಬೇಡಿ. ನಾನು ಹೇಳೋದನ್ನ ಒಂದು ಸಲ ನಗದೆ ಕೇಳಿ."

ಲೆಯೊಕಾದಿಯಾ ಮಂಚದ ಮೇಲೆ ಕೂತಳು. ಗೆನೊವೇಫಾ ಎಲ್ಲ ಹೇಳಿದಳು. ಸೂಪಿನ ತಟ್ಟೆ, ಗರಾಜು, ಬಾಗಿಲಲ್ಲಿ ಕೆಮ್ಮುವುದು. ಪಾದ್ರಿ ಬಂದಾಗ ತಾನು ಬಿಳಿ ಬಟ್ಟೆ ಹಾಸಿ ಮೇಣದ ಬತ್ತಿ ಹಚ್ಚಿಟ್ಟು ಕಾಯುತ್ತಿದ್ದದ್ದು. ಮಗಳ ಮದುವೆಯ ಊಟದಲ್ಲೂ ಅವನು ಎದ್ದು ಒಂದು ಮಾತು ಹೇಳದೆ ಕೂತದ್ದು. "ಮಂಜುಗಡ್ಡೆ ಒಂದು ನಿಜ. ಅದಾದ ಮೇಲೆ ಅವನು ಹೇಳಿದ್ದು ಯಾವುದೂ ನಾನಲ್ಲ."

ಹೇಳುತ್ತ ಹೋದಂತೆ ಲೆಯೊಕಾದಿಯಾಳ ಮುಖದ ನಗು ಕರಗಿತು. ಈ ಸಲ ಅವಳು ನಂಬಿದಳು. ತನ್ನ ಏಪ್ರನ್ನಿನ ತುದಿಯನ್ನು ತಿರುಚುತ್ತ, "ಕಯೇತಾನ್‌ಗೆ ಹೇಳ್ಬೇಡ" ಎಂದಳು.

"ಏನು?"

"ಅವನ ಹೆಂಡ್ತಿ ಬಿಟ್ಟು ಹೋದ ಮೇಲೆ ಹೆಂಗಸರ ಹೆಸರೆತ್ತಿದ್ರೆ ಉಗೀತಿದ್ದ. ನಿನ್ನ ಕಥೆ ಕೇಳ್ತಾ ಕೇಳ್ತಾ ಮನುಷ್ಯನಾದ. ನಂಗೂ ಅಷ್ಟೆ. ಇಲ್ಲಿ ಬಕೆಟ್ಟು ಸೋರಿದ್ರೆ, ಒಲೆ ಆರಿದ್ರೆ, ಗೇನ್ಯಾ ಆಗಿದ್ರೆ ಏನನ್ನೋಳು ಅಂದ್ಕೋತೀನಿ. ನಗು ಬರತ್ತೆ." ಅವಳು ತಲೆ ಎತ್ತಲಿಲ್ಲ. "ಅವಳು ಇರ್ಲಿ ಬಿಡೇ. ನಮ್ಮಿಂದ ಕಿತ್ಕೊಂಡು ಹೋಗ್ಬೇಡ."

ಗೆನೊವೇಫಾಳಿಂದ ಕಿತ್ತುಕೊಂಡದ್ದರ ಬಗ್ಗೆ ಯಾರೂ ಕೇಳಿರಲಿಲ್ಲ. ಅವಳು ಸ್ವೆಟರನ್ನು ಮತ್ತೆ ಎತ್ತಿ, ಅಂಚಿಗೆ ಅಂಚು ಕೂಡಿಸಿ ಮಡಚಿದಳು.

"ಇಟ್ಕೊಳ್ಳಿ" ಎಂದಳು. "ನಾನು ತಗೊಂಡು ಹೋಗಿ ಏನು ಮಾಡ್ಲಿ."

ತಾಯಿಯ ಫೋನು ಬಂದದ್ದರಿಂದ ಅಲ್ದೋನಾ ಆಗುಸ್ತೋವಿನ ರೈಲು ನಿಲ್ದಾಣಕ್ಕೆ ಬಂದಿದ್ದಳು. ಒಂದು ದಿನ ಮುಂಚೆಯೇ ಹಿಂದಿರುಗಿದ ತಾಯಿಯ ಮುಖ ನೋಡಿ ಅವಳಿಗೆ ದಿಗಿಲಾಯಿತು. ಮನೆ ಸೇರಿ ಅಡುಗೆಮನೆಗೆ ಹೋದವಳೇ ಗೆನೊವೇಫಾ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಕಸದ ಬುಟ್ಟಿಗೆ ಹಾಕಿದಳು.

"ಅಮ್ಮ, ಅಲ್ಲಿ ಏನಾಯ್ತು?" ಎಂದಳು ಅಲ್ದೋನಾ. ಬುಟ್ಟಿಗೆ ಬಿದ್ದ ಕ್ಯಾಲೆಂಡರನ್ನು ನೋಡಿ ಮೆಲ್ಲಗೆ, "ಯಾರಾದ್ರೂ ಇದ್ಲಾ? ಅಪ್ಪಂಗೆ ಅಲ್ಲಿ ಯಾರಾದ್ರೂ ಇದ್ಲಾ?"

ಗೆನೊವೇಫಾ ಮಗಳನ್ನು ನೋಡಿದಳು. ಇಲ್ಲ ಅನ್ನಲು ಬಾಯಿ ತೆರೆದಳು. ಆದರೆ ಬಂದ ಮಾತು ಬೇರೆ.

"ಇದ್ಲು."

"ಎಷ್ಟು ವರ್ಷದಿಂದ?"

"ನಮ್ಮ ಮದುವೆಯಷ್ಟೇ ಹಳೇದು."

ಅಲ್ದೋನಾ ಅಳುತ್ತ ಕೂತಳು. ತಾಯಿ ಸರಿಪಡಿಸಿ ಹೇಳಲಿಲ್ಲ. ಸರಿಪಡಿಸಿ ಹೇಳಬೇಕಾದರೆ ಎಲ್ಲಿಂದ ಶುರುಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಹೇಳಿದರೂ ಅದೊಂದು ದೂರೇ ಅಲ್ಲವೆಂದು ಕಾಣುತ್ತಿತ್ತು. ಗಂಡ ಹೊರಗೆ ತನ್ನನ್ನು ಹೊಗಳಿದ ಎಂದು ಅಳುವ ಹೆಂಗಸಿಗೆ ಯಾರು ಕರವಸ್ತ್ರ ಕೊಡುತ್ತಾರೆ? ಬೇರೊಬ್ಬಳಿದ್ದಳು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಅಲ್ದೋನಾ ಗಂಡನ ಮನೆಯಲ್ಲಿ ಅತ್ತೆಗೆ ಹೇಳಿದಳು, ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ಹೇಳಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಲುತ್ಸಿಯಾನನಿಗೆ ಕ್ರಾಕೋವಿನಲ್ಲಿ ಇನ್ನೊಂದು ಸಂಸಾರವಿತ್ತೆಂದು ಊರಿಗೆಲ್ಲ ಗೊತ್ತಾಗಿತ್ತು. ಬಟ್ಟೆ ಒಗೆಯುವ ಕೋಣೆಯ ಹಳೆಯ ಜೊತೆಗಾತಿಯರು ಕೇಕು ಹಿಡಿದು ಬಂದರು, ಅವಳ ಕೈ ಹಿಡಿದು ಕೂತರು. ಅವಳ ಆಯುಷ್ಯದಲ್ಲಿ ಅಷ್ಟು ಜನ ಅವಳ ಮಾತಿಗೆ ಕಾದದ್ದು ಅದೇ ಮೊದಲು. ಅವಳು ಹೆಚ್ಚೇನೂ ಹೇಳಲಿಲ್ಲ. "ಚೆಲುವೆ. ಒಳ್ಳೇ ಮಾತುಗಾತಿ" ಅಂದಳು ಒಮ್ಮೆ. ಹೆಂಗಸರು ನಾಲಿಗೆ ಲೊಚಗುಟ್ಟಿದರು.

ಸೆಪ್ಟೆಂಬರಿನಲ್ಲಿ ರೋಮುವಾಲ್ಡ್ ಬಂದ. ಲುತ್ಸಿಯಾನನ ಜೊತೆ ಸರದಿಯಲ್ಲಿ ಅದೇ ಬಸ್ಸು ಓಡಿಸುತ್ತಿದ್ದವನು. ಟೋಪಿಯನ್ನು ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೇ ನಿಂತ.

"ಅತ್ತಿಗೆ, ಜನ ಏನೇನೋ ಅಂತಿದಾರೆ. ನಂಗೆ ನಿದ್ದೆ ಬರ್ತಿಲ್ಲ. ನಾನು ಅವನ ಜೊತೆ ಒಂದೇ ಕೋಣೇಲಿ ಮಲಗಿದೋನು. ಅವನಿಗೆ ಯಾರೂ ಇರ್ಲಿಲ್ಲ. ದೇವರಾಣೆ. ಬಾಯಿ ತೆಗೆದ್ರೆ ನಿಮ್ಮ ಸುದ್ದೀನೇ."

"ಗೊತ್ತು" ಎಂದಳು ಗೆನೊವೇಫಾ.

"ಮತ್ತೆ ಯಾಕೆ ಹೀಗೆ? ಅವನು ಸತ್ತು ಹೋದೋನು. ಎದ್ದು ಬಂದು ಅಲ್ಲ ಅನ್ನೋಕಾಗಲ್ಲ."

"ಬದುಕಿದ್ದಾಗ ನನ್ನ ಹತ್ರ ಏನಾದ್ರೂ ಅಂದ್ನಾ?"

ರೋಮುವಾಲ್ಡ್ ಟೋಪಿ ತಲೆಗೆ ಹಾಕಿಕೊಂಡು ಹೊರಟುಹೋದ. ಅವಳು ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿದಳು. ತಾನು ಮಾಡಿದ್ದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಅವಳಿಗೆ ಪಶ್ಚಾತ್ತಾಪ ಬರಲಿಲ್ಲ, ಬರಲಿ ಎಂದು ಸ್ವಲ್ಪ ಹೊತ್ತು ಕಾದಳು ಕೂಡ.

ಗೋರಿಗಳಿಗೆ ದೀಪ ಹಚ್ಚುವ ಸತ್ತವರ ಹಬ್ಬಕ್ಕೆ ಮುಂಚೆ ಗೆನೊವೇಫಾ ಸ್ಮಶಾನದ ಕಲ್ಲುಕೆಲಸದವನ ಹತ್ತಿರ ಹೋದಳು. ಲುತ್ಸಿಯಾನನ ಗೋರಿಯ ಹಾಸುಗಲ್ಲಿನ ಮೇಲೆ ಅವನ ಹೆಸರಿನ ಪಕ್ಕ ಅವಳ ಹೆಸರನ್ನೂ ಕೆತ್ತಿಸಿಟ್ಟಿದ್ದರು, ಸಾಯುವ ವರ್ಷಕ್ಕೆ ಜಾಗ ಬಿಟ್ಟು. ಅದನ್ನು ಅಳಿಸಿಬಿಡು ಎಂದಳು.

"ಅಳಿಸಿದ್ರೆ ಅಲ್ಲಿ ಗುಳಿ ಬೀಳತ್ತೆ ಅಮ್ಮಾ, ಚೆನ್ನಾಗಿ ಕಾಣಲ್ಲ" ಎಂದ ಅವನು.

"ಬೀಳ್ಲಿ."

ಅವಳು ಆಮೇಲೆ ಹನ್ನೆರಡು ವರ್ಷ ಬದುಕಿದಳು. ಮತ್ತೆಲ್ಲಿಗೂ ಊರು ನೋಡಲು ಹೋಗಲಿಲ್ಲ. ತೀರಿಕೊಂಡಾಗ ಅಲ್ದೋನಾ, ತಾಯಿ ಹೇಳಿಟ್ಟಿದ್ದಂತೆ, ಊರಾಚೆಯ ಹಳ್ಳಿಯಲ್ಲಿ ಅಮ್ಮನ ಕಡೆಯ ಅಜ್ಜಿಯ ಪಕ್ಕದಲ್ಲಿ ಮಣ್ಣು ಮಾಡಿದಳು. ಆಗುಸ್ತೋವಿನ ಸ್ಮಶಾನದಲ್ಲಿ ಲುತ್ಸಿಯಾನನ ಕಲ್ಲಿನ ಬಲಗಡೆ, ಉಳಿ ಹೊಡೆದು ತೆಗೆದ ಜಾಗದಲ್ಲಿ, ಮಳೆ ಬಂದಾಗ ನೀರು ನಿಲ್ಲುತ್ತದೆ. ಅಲ್ದೋನಾ ವರ್ಷಕ್ಕೊಮ್ಮೆ ಹೋಗಿ ಅದನ್ನು ಒರೆಸಿ, ದೀಪ ಹಚ್ಚದೆ ಬರುತ್ತಾಳೆ.